ತುಕ್ಕಿನೊಳಗಿನ ಹೆಸರು

ಇವತ್ತು ಮಧ್ಯಾಹ್ನವೆಲ್ಲ ಒಂದೇ ಫೋಟೋ ಮುಂದೆ ಕೂತಿದ್ದೆ. ಜಪಾನಿನ ಹಳೇ ಕತ್ತಿ. ಅಲಗಲ್ಲ, ಹಿಡಿಯೊಳಗೆ ಮುಚ್ಚಿಹೋಗುವ ಬುಡ. ನಕಾಗೊ ಅಂತಾರೆ.

ಝೂಮ್ ಮಾಡ್ತಾ ಹೋದಂತೆ ಕಪ್ಪು ತುಕ್ಕಿನಲ್ಲಿ ಉಳಿಯ ಗೆರೆಗಳು ಕಾಣತೊಡಗಿದವು. ಮೊದಲು ನಾಡು, ಬಿಜೆನ್. ಆಮೇಲೆ ಊರು, ಒಸಾಫುನೆ. ಕೊನೆಗೆ ಕಮ್ಮಾರನ ಹೆಸರು, ಸುಕೆಸಾದ. ಒಂದು ಅಕ್ಷರದ ಅಂಚನ್ನು, ಹಿಡಿಯನ್ನು ಬಿಗಿಯುವ ಬಿದಿರು ಮೊಳೆಯ ತೂತು ತಿಂದುಹಾಕಿದೆ. ಹಿಂಬದಿಯಲ್ಲಿ ಎಯ್‌ಶೋ ಅನ್ನೋ ಜಪಾನಿ ಶಕೆಯ ಎರಡನೇ ವರ್ಷ, ಎಂಟನೇ ತಿಂಗಳು. ಅಂದರೆ 1505!

ಆದರೆ ಹೆಸರು ಓದಿದ ಮಾತ್ರಕ್ಕೆ ಆಳು ಸಿಗಲ್ಲ. ಆ ಊರಲ್ಲಿ ಸುಕೆಸಾದ ಅನ್ನೋ ಹೆಸರಿನವರು ಹತ್ತಾರು ಜನ. ಅದಕ್ಕೇ ಉಳಿ ಎಲ್ಲಿ ಒತ್ತಿದೆ, ಎಲ್ಲಿ ಜಾರಿದೆ, ಗೆರೆ ಯಾವ ಕಡೆ ವಾಲಿದೆ ಅಂತ ನೋಡ್ಬೇಕು. ಖೋಟಾ ಸಹಿ ಹಾಕಿದವರೂ ಕಮ್ಮಿಯಿಲ್ಲ.

ಅಲಗನ್ನು ಕನ್ನಡಿಯ ಹಾಗೆ ಉಜ್ಜುವವರು ಈ ಬುಡದ ತುಕ್ಕನ್ನು ಮಾತ್ರ ಮುಟ್ಟಲ್ಲ. ಕತ್ತಿಯ ವಯಸ್ಸಿಗೆ ಅದೇ ಸಾಕ್ಷಿ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಯಾರಾದರೂ ಕೆರೆದರೆ ಆ ಸಾಕ್ಷಿಯೇ ಹೋಯ್ತು. ಎಷ್ಟು ಕತ್ತಿಗಳಿಗೆ ಹೀಗಾಗಿದೆಯೋ ಅಂತ ನೆನೆದರೆ ಹೊಟ್ಟೆ ಉರಿಯುತ್ತೆ.

ಉದ್ದದ ಕತ್ತಿಯನ್ನು ಗಿಡ್ಡ ಮಾಡುವಾಗ ಬುಡದಿಂದಲೇ ಕತ್ತರಿಸ್ತಿದ್ರು. ಸಹಿಯೂ ಅದರ ಜೊತೆಗೇ ಹೋಗ್ತಿತ್ತು. ಕೆಲವರಿಗೆ ಮನಸ್ಸು ಬರ್ತಿರಲಿಲ್ಲ. ಸಹಿ ಇದ್ದಷ್ಟು ಲೋಹವನ್ನು ಬಿಡಿಸಿ, ಹೊಸ ಬುಡದಲ್ಲಿ ಕೂರಿಸ್ತಿದ್ರು. ಯಾರೋ ಕಮ್ಮಾರನ ಹೆಸರಿಗೆ ಅಷ್ಟು ಮರ್ಯಾದೆ! ಗಾಕುಮೇಯ್ ಅಂತಾರೆ ಅದಕ್ಕೆ. ಅಂಥದ್ದರ ಒಳ್ಳೇ ಫೋಟೋ ಯಾರಿಗಾದರೂ ಸಿಕ್ಕರೆ ಕಳಿಸಿ, ಪ್ಲೀಸ್.