ಪೊಟರೆಯೊಳಗಿನ ಮಂಗಟ್ಟೆ

ಗೇಣಗಲದ ಸಾಗವಾನಿ ಹಲಗೆಯ ಮೇಲೆ, ಮರದ ಪೊಟರೆಯೊಳಗೆ ಕುಳಿತ ಹೆಣ್ಣು ದಾಸಮಂಗಟ್ಟೆಯನ್ನು, ಅಂದರೆ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿಯನ್ನು, ಕೆತ್ತಿ ಮುಗಿಸಿ ಕಳೆದ ವಾರ ಮೊದಲ ಅಚ್ಚನ್ನು ತೆಗೆದೆ. ಈ ಚಿತ್ರ ನನ್ನೊಳಗೆ ಮೂಡಿದ್ದು ಎರಡು ವರ್ಷಗಳ ಹಿಂದೆ, ಶಿರಸಿಯ ತವರುಮನೆಯಲ್ಲಿ ಬಾಣಂತನಕ್ಕಿದ್ದಾಗ. ಗಾಳಿ ಸೋಕದಂತೆ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಆಯಿ ತಂದುಕೊಟ್ಟದ್ದನ್ನು ಉಣ್ಣುತ್ತಿದ್ದ ಆ ದಿನಗಳಲ್ಲಿ, ಬೆಟ್ಟದ ಕಡೆಯಿಂದ ಮಂಗಟ್ಟೆ ಹಾರುವಾಗಿನ ರೆಕ್ಕೆಯ ಭಾರವಾದ ಸದ್ದು ಕೇಳಿಬರುತ್ತಿತ್ತು.

ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಅದರ ಬಾಯಿಯನ್ನು ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಆಲ, ಅತ್ತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸೀಳಿನಲ್ಲಿ ನೀಡುತ್ತದೆ. ಕಾವು ಕೂರುವುದೇ ಸುಮಾರು 40 ದಿನ. ಒಳಗಿರುವಾಗ ಹೆಣ್ಣಿನ ಹಾರುಗರಿಗಳು ಉದುರಿ ಹೊಸವು ಹುಟ್ಟುತ್ತವೆ. ಕೆಲಸ ಬಿಟ್ಟು ಊರಿಗೆ ಬಂದು, ನಾನು ಯಾರೆಂಬುದೇ ಮಸುಕಾಗಿದ್ದ ಆ ಹೊತ್ತಿನಲ್ಲಿ ಈ ಒಂದು ಸಂಗತಿ ನನ್ನನ್ನು ಬಿಡದೆ ಹಿಡಿದುಕೊಂಡಿತು.

ಅಚ್ಚಿನ ಕೆತ್ತನೆಯಲ್ಲಿ ಉಳಿಗೆ ಸಿಕ್ಕು ಹೋದ ಭಾಗ ಬಿಳಿ, ಉಳಿದ ಭಾಗ ಕಪ್ಪು. ಚಿತ್ರವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡುತ್ತದೆ. ಮಂಗಟ್ಟೆಯ ಕಪ್ಪು ಮೈ, ಬಿಳಿ ಬಾಲ, ಬಾಲದ ಅಡ್ಡಪಟ್ಟಿ ಇವೆಲ್ಲ ಈ ಕ್ರಮಕ್ಕೆಂದೇ ಹೇಳಿ ಮಾಡಿಸಿದಂತಿವೆ. ಆದರೆ ಮೊದಲ ಹಲಗೆಯಲ್ಲಿ ಕಣ್ಣನ್ನು ಕೆತ್ತದೆ ಕಪ್ಪಾಗಿಯೇ ಬಿಟ್ಟಿದ್ದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಒಂದೇ ಬಣ್ಣದ ಅಚ್ಚಿನಲ್ಲಿ ಗೂಡಿನೊಳಗೆ ಗಂಡನ್ನು ಕೂರಿಸಿದಂತಾಗಿತ್ತು! ಬೇರೆ ಹಲಗೆ ತೆಗೆದುಕೊಂಡೆ. ಮರದ ಎಳೆ ಸೀಳದಂತೆ ಉಸಿರು ಹಿಡಿದು, ಸಣ್ಣ ಉಳಿಯ ಮೊನೆಯಿಂದ ಸುತ್ತಲೂ ಕೊರೆದು, ಎಳ್ಳಿನ ಕಾಳಿನಷ್ಟು ಕಪ್ಪು ಪಾಪೆಯನ್ನು ನಡುವೆ ಉಳಿಸುವುದಕ್ಕೆ ಒಂದು ಇಡೀ ಸಂಜೆ ಬೇಕಾಯಿತು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ಕಣ್ಣು.

ಕುತ್ತಿಗೆಯ ಹಳದಿಯನ್ನು ಮಾತ್ರ ಅಚ್ಚೊತ್ತಲಿಲ್ಲ. ಮಂಗಟ್ಟೆ ಬಾಲದ ಬುಡದ ಗ್ರಂಥಿಯಿಂದ ಒಸರುವ ಹಳದಿ ಎಣ್ಣೆಯನ್ನು ತಾನೇ ಕೊಕ್ಕಿಗೂ ಕುತ್ತಿಗೆಗೂ ಬಳಿದುಕೊಳ್ಳುವ ಹಕ್ಕಿ. ಹಾಗಾಗಿ ಕಾಗದ ಒಣಗಿದ ಮೇಲೆ, ಬಾಣಂತಿಯಾಗಿದ್ದಾಗ ಆಯಿ ನನ್ನ ಮೈಗೆ ಹಚ್ಚುತ್ತಿದ್ದ ಅರಿಶಿನವನ್ನೇ ನೀರಿನಲ್ಲಿ ಕದಡಿ ಬೆರಳಿನಿಂದ ಹಚ್ಚಿದೆ. ಬಿಸಿಲಿಗೆ ಅರಿಶಿನದ ಬಣ್ಣ ನಿಲ್ಲುವುದಿಲ್ಲವೆಂದು ಆಯಿ ಹೇಳಿದಳು. ಮಾಸಿದಾಗಲೆಲ್ಲ ಮತ್ತೆ ಹಚ್ಚುತ್ತೇನೆ ಎಂದೆ.