ಝೇವಿಯರ್ ಎಂಬ ಹೊಸಮನಿ

ಧಾರವಾಡದ ಕಾಲೇಜಿನಲ್ಲಿ ನನ್ನೊಡನೆ ಓದಿ, ಈಗ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ಗೋವಾ ಮೂಲದ ಗೆಳೆಯನೊಬ್ಬನ ಹೆಸರು ಝೇವಿಯರ್. ಅವನ ಬೆಂಚಿನಲ್ಲಿಯೇ ಹೊಸಮನಿ ಎಂಬ ಅಡ್ಡಹೆಸರಿನ ಹುಡುಗನೂ ಕೂಡುತ್ತಿದ್ದ. ಆ ಎರಡು ಹೆಸರುಗಳ ಅರ್ಥ ಒಂದೇ ಎಂಬುದು ನನಗೆ ಗೊತ್ತಾಗಲು ಇಷ್ಟು ವರ್ಷಗಳು ಬೇಕಾದವು.

ಝೇವಿಯರ್ ಎಂಬುದನ್ನು ನಾವು ಪೋರ್ಚುಗೀಸರ ಹೆಸರೆಂದೇ ತಿಳಿದಿದ್ದೆವು. ಆದರೆ ಅದು ಹುಟ್ಟಿದ್ದು ಬಾಸ್ಕ್ ನುಡಿಯಲ್ಲಿ. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ನಡುವಣ ಪಿರಿನೀಸ್ ಪರ್ವತಗಳ ಪಶ್ಚಿಮ ತುದಿಯಲ್ಲಿ ಆಡುವ ಈ ನುಡಿಗೆ, ಇಂದು ಬದುಕಿರುವ ಬೇರಾವ ಭಾಷೆಯೊಂದಿಗೂ ನಂಟಿರುವುದು ಸಾಬೀತಾಗಿಲ್ಲ. ಅದರಲ್ಲಿ ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು. ಗುಣವಾಚಕ ನಾಮಪದದ ನಂತರ ಬರುವುದರಿಂದ ಹೊಸ ಮನೆ ಎನ್ನುವುದು ಅಲ್ಲಿ ‘ಎಚೆಬೆರ್ರಿ’ ಎಂದಾಗುತ್ತದೆ. ಮೊದಲ ಸ್ವರ ಸವೆದು, ಚಕಾರ ಶಕಾರದತ್ತ ಸರಿದು, ಅದೇ ಪದ ‘ಶಬಿಯೆರ್’ ಎಂದಾಗಿ ಸ್ಪೇನಿನ ನವಾರ್ರಾ ಸೀಮೆಯ ಒಂದು ಊರಿನ ಹಾಗೂ ಅಲ್ಲಿಯ ಕೋಟೆಯ ಹೆಸರಾಗಿ ನಿಂತಿತು. ಇದನ್ನು ಹೇಳಿದಾಗ ಗೆಳೆಯ ನಕ್ಕು, “ಅಂದ್ರ ನಾನೂ ಹೊಸಮನಿನ ಆದ್ನೆಪಾ! ಆದ್ರ ಇನ್ನೂ ಬಾಡಗಿ ಮನ್ಯಾಗ ಅದೀನಿ” ಎಂದ.

ಮನೆಯಿಂದ ಅಡ್ಡಹೆಸರು ಹುಟ್ಟುವ ಪರಿ ನಮ್ಮ ಹುಬ್ಬಳ್ಳಿ, ಗದಗ, ಹಾವೇರಿಯವರಿಗೆ ಹೊಸತೇನಲ್ಲ. ನಮ್ಮಲ್ಲಿ ಹೊಸಮನಿ, ದೊಡ್ಡಮನಿ, ಮೇಲಿನಮನಿ ಇರುವಂತೆ ಅಲ್ಲಿ ಎಚೆಬೆರ್ರಿಯಾ, ಎಚೆಯಾಂದಿಯಾ, ಗೋಯ್ಕೋಎಚೆಯಾ ಇವೆ. ಅರ್ಥವೂ ಅದೇ ಕ್ರಮದಲ್ಲಿದೆ. ಮನೆಯಲ್ಲಿ, ಮನೆಗೆ, ಮನೆಯಿಂದ ಎಂದು ನಾವು ಪ್ರತ್ಯಯ ಹಚ್ಚುವ ಹಾಗೆಯೇ ಅವರೂ ‘ಎಚೆಯನ್’, ‘ಎಚೆರಾ’, ‘ಎಚೆತಿಕ್’ ಎನ್ನುತ್ತಾರೆ. ಇಷ್ಟಕ್ಕೇ ಎರಡೂ ಭಾಷೆಗಳು ಅಕ್ಕತಂಗಿಯರೆಂದು ಹೊರಡುವ ಉತ್ಸಾಹಿಗಳ ಸಾಲಿಗೆ ಸೇರಲು ನಾನು ಸಿದ್ಧನಿಲ್ಲ.

ಊರಿನ ಹೆಸರು ಗಂಡುಮಗುವಿನ ಹೆಸರಾದ ಬಗೆ ಇನ್ನೂ ಸ್ವಾರಸ್ಯಕರವಾಗಿದೆ. ಕ್ರೈಸ್ತ ಧರ್ಮಪ್ರಚಾರಕ ಫ್ರಾನ್ಸಿಸ್ ಝೇವಿಯರ್ ಹುಟ್ಟಿದ್ದು 1506ರಲ್ಲಿ, ಆ ಕೋಟೆಯಲ್ಲಿಯೇ. ತಂದೆಯ ಮನೆತನ ಹಾಸೋ, ತಾಯಿಯದು ಅಸ್ಪಿಲಿಕ್ವೇತಾ. ಇವೆರಡನ್ನೂ ಬಿಟ್ಟು ಕೋಟೆಯ ಹೆಸರೇ ಅವರಿಗೆ ಅಂಟಿಕೊಂಡಿತು. 1542ರಲ್ಲಿ ಗೋವಾಕ್ಕೆ ಬಂದ ಅವರು, 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ದೇಹ ಇಂದಿಗೂ ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿದೆ. 1622ರಲ್ಲಿ ಅವರನ್ನು ಸಂತರೆಂದು ಸಾರಿದ ಮೇಲೆ, ಭಕ್ತರು ಆ ಊರಹೆಸರನ್ನೇ ಮಕ್ಕಳಿಗೆ ಇಡುವ ರೂಢಿ ಬೆಳೆಯಿತು. ಚಕ್ಕಡಿ ಹೂಡಿಕೊಂಡು ಉಳವಿ ಜಾತ್ರೆಗೆ ಹೋಗುವ ನಮ್ಮ ಕಡೆಯ ಜನ, ಚನ್ನಬಸವಣ್ಣನವರು ಐಕ್ಯರಾದ ಆ ಸ್ಥಳದ ನೆನಪಿಗೆ ಮಗನನ್ನು ಉಳವಪ್ಪ ಎಂದು ಕರೆಯುವುದೂ ಇದೇ ಬಗೆಯದು. ಹೆಸರಿಡುವಾಗ ಹೊಸ ಮನೆಯನ್ನು ಯಾರೂ ನೆನೆಯಲಿಲ್ಲ, ಸಂತನನ್ನು ನೆನೆದರು.

ಉಚ್ಚಾರಣೆಯ ಮಾತೊಂದು ಉಳಿದಿದೆ. ಬಾಸ್ಕ್ ನುಡಿಯಲ್ಲಿ ಈ ಹೆಸರು ‘ಶಬಿಯೆರ್’. ಮಾಜಿ ಫುಟ್‌ಬಾಲ್ ಆಟಗಾರ ಶಾಬಿ ಅಲೊನ್ಸೋ ಅವರದು ಅದರ ಮೊಟಕು ರೂಪ. ಸ್ಪ್ಯಾನಿಷ್‌ನಲ್ಲಿ ಹಳೆಯ ಶಕಾರ ಕಾಲಕ್ರಮದಲ್ಲಿ ಗಂಟಲಿಗಿಳಿದು ‘ಹವಿಯೆರ್’ ಆಯಿತು, ಪೋರ್ಚುಗೀಸ್‌ನಲ್ಲಿ ಶಕಾರವೇ ಉಳಿಯಿತು. ಗೆಳೆಯನ ತಾಯಿ ಮಗನನ್ನು ಕರೆಯುತ್ತಿದ್ದದ್ದು ‘ಶಾವಿಯೇರ್’ ಎಂದು. ನಾವು, ಇಂಗ್ಲಿಷ್ ಕಲಿತ ಹುಡುಗರು, ಝಕಾರ ಹಚ್ಚಿ ಆ ತಾಯಿಯನ್ನು ತಿದ್ದುತ್ತಿದ್ದೆವು.