ಈ ಸಲ ಲಕ್ಷ್ಮಿಗೆ ಒಡವೆ ಹಾಕಲಿಲ್ಲ

ಅಮೆರಿಕದ ಫ್ರೀಮಾಂಟ್‌ಗೆ ಬಂದು ಒಂಬತ್ತು ವರ್ಷವಾಯ್ತು. ಒಂದು ವರ್ಷವೂ ವರಮಹಾಲಕ್ಷ್ಮಿ ಹಬ್ಬ ಬಿಟ್ಟಿಲ್ಲ. ಅಮ್ಮ ಮದುವೆಯಲ್ಲಿ ಕೊಟ್ಟ ಬೆಳ್ಳಿ ಮುಖವಾಡ ಇದೆ. ಅದನ್ನು ಕಳಶದ ತೆಂಗಿನಕಾಯಿಗೆ ಕಟ್ಟಿ, ಸೀರೆಗೆ ನೆರಿಗೆ ಹಿಡಿದು ಉಡಿಸಿ, ನನ್ನ ಎರಡೆಳೆ ಸರ, ಅಜ್ಜಿಯ ಕಾಸಿನ ಸರ ಎಲ್ಲಾ ಹಾಕಿ, ಮುಂದೆ ಒಂದು ತಟ್ಟೆಯಲ್ಲಿ ದುಡ್ಡಿಟ್ಟು, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆಲ್ಲಾ ಹಾಕೋದು ನಡೆದುಕೊಂಡು ಬಂದಿತ್ತು. ಸಂಜೆ ಅರಿಶಿನ ಕುಂಕುಮಕ್ಕೆ ಕಡಿಮೆ ಅಂದ್ರೂ ನಲವತ್ತು ಜನ.

2025ರಲ್ಲಿ ಹಬ್ಬ ಆಗಸ್ಟ್ 8ಕ್ಕೆ ಬಂತು. ಜೂನ್‌ನಲ್ಲೇ ನನ್ನ ಗಂಡನ ಕೆಲಸ ಹೋಗಿತ್ತು. ಟೀಮ್‌ಗೆ ಟೀಮೇ ತೆಗೆದರು. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿರುವವರಿಗೆ ಕೆಲಸ ಹೋದ ಮೇಲೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ವೀಸಾಗೆ ಬದಲಾಗೋಕೆ ಅರ್ಜಿ ಹಾಕಬೇಕು, ಎರಡೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನದೂ ಎಚ್-1ಬಿ ಆಗಿದ್ದರಿಂದ ಅವರು ಎಚ್-4ಕ್ಕೆ, ಅಂದ್ರೆ ಸಂಗಾತಿಗೆ ಸಿಗೋ ವೀಸಾಗೆ, ಅರ್ಜಿ ಹಾಕಿದರು. ಇಲ್ಲಿ ಇರಬಹುದು, ಆ ವೀಸಾ ಒಂದರಿಂದಲೇ ದುಡಿಯೋ ಹಾಗಿಲ್ಲ. ಮನೆ ಬಾಡಿಗೆ, ಮಗಳ ಡೇಕೇರ್, ಎಲ್ಲಾ ಒಂದೇ ಸಂಬಳದಲ್ಲಿ. ರಾತ್ರಿ ಇಬ್ಬರೂ ಕೂತು ಲೆಕ್ಕ ಬರೆಯೋಕೆ ಶುರು ಮಾಡಿದ್ವಿ.

ಇದರ ಮಧ್ಯೆ ಜುಲೈನಲ್ಲಿ ನಮ್ಮ ಬೀದಿಯಲ್ಲೇ ಕಳ್ಳತನವಾಯ್ತು. ನಾಲ್ಕು ಮನೆ ಆಚೆ ಒಬ್ಬರು ಅಕ್ಕ ಇದ್ದಾರೆ, ದಾವಣಗೆರೆ ಕಡೆಯವರು. ಶನಿವಾರ ಸಂಜೆ ಮನೆಯವರೆಲ್ಲಾ ದೇವಸ್ಥಾನಕ್ಕೆ ಹೋಗಿದ್ದಾಗ ಹಿತ್ತಲ ಕಡೆಯ ಗಾಜಿನ ಬಾಗಿಲು ಒಡೆದು ಬಂದಿದ್ದಾರೆ. ಟಿವಿ ಮುಟ್ಟಿಲ್ಲ. ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು. ಬಂದವರಿಗೆ ಬೇಕಿದ್ದದ್ದು ಚಿನ್ನ ಮಾತ್ರ. ಭಾರತದವರ ಮನೆಯಲ್ಲಿ ಚಿನ್ನ ಇದ್ದೇ ಇರುತ್ತೆ ಅಂತ ಅವರಿಗೂ ಗೊತ್ತು, ಎಲ್ಲೆಲ್ಲಿ ಇಡ್ತೀವಿ ಅಂತಲೂ ಗೊತ್ತು.

ಮಾರನೇ ದಿನ ಗುಡಿಸೋಕೆ ಸಹಾಯ ಮಾಡೋಣ ಅಂತ ಹೋದೆ. ಸೀರೆಗಳನ್ನೆಲ್ಲಾ ಒಂದೊಂದೇ ಬಿಚ್ಚಿ ಎಸೆದಿದ್ದರು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ಬೋರಲು. ದೇವರ ಗೂಡಿನ ಕುಂಕುಮದ ಭರಣಿ ಉರುಳಿ ಕಾರ್ಪೆಟ್ ಮೇಲೆ ಚೆಲ್ಲಿತ್ತು, ಅದರ ಮೇಲೆ ಒಂದು ಶೂ ಗುರುತು. ಅಕ್ಕ ಒಡವೆ ವಿಷಯಕ್ಕೆ ಅಳಲಿಲ್ಲ. ಆ ಗುರುತು ಉಜ್ಜುತ್ತಾ ಉಜ್ಜುತ್ತಾ ಅತ್ತರು. ನಾನೂ ಪಕ್ಕದಲ್ಲಿ ಕೂತು ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಒಂದು ವಿಷಯ ಎಲ್ಲರಿಗೂ ಹೇಳಲೇಬೇಕು. ಇಲ್ಲಿನ ಸಾಮಾನ್ಯ ಮನೆ ವಿಮೆಯಲ್ಲಿ ಒಡವೆ ಕಳುವಾದರೆ ಸಿಗೋದು ಹೆಚ್ಚಾಗಿ 1,500 ಡಾಲರ್ ಆಸುಪಾಸು ಮಾತ್ರ, ನಿಮ್ಮ ಹತ್ರ ಎಷ್ಟೇ ಇರಲಿ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಒಂದೊಂದು ಒಡವೆಗೂ ಬೆಲೆ ಕಟ್ಟಿಸಿ ಬೇರೆಯಾಗಿ ಸೇರಿಸಬೇಕು. ಅಕ್ಕನಿಗೆ ಇದು ಗೊತ್ತಾಗಿದ್ದು ಕಳ್ಳತನವಾದ ಮೇಲೆ. ಆಗಲೇ ಊರಲ್ಲಿ ಚಿನ್ನ 10 ಗ್ರಾಂಗೆ ಒಂದು ಲಕ್ಷ ರೂಪಾಯಿ ಮುಟ್ಟಿತ್ತು, ಹೋದದ್ದನ್ನು ಮತ್ತೆ ಮಾಡಿಸೋದು ಎಲ್ಲಿಂದ? ದಯವಿಟ್ಟು ನಿಮ್ಮ ಪಾಲಿಸಿ ಕಾಗದ ಇವತ್ತೇ ತೆಗೆದು ನೋಡಿ.

ನಾವು ಆ ವಾರವೇ ಒಡವೆಯೆಲ್ಲಾ ಬ್ಯಾಂಕ್ ಲಾಕರಿಗೆ ಹಾಕಿದ್ವಿ. ಹಬ್ಬಕ್ಕೆ ತರೋದು ಬೇಡ ಅಂತಲೂ ತೀರ್ಮಾನ ಮಾಡಿದ್ವಿ.

ಉಳಿದದ್ದು ರಿಟರ್ನ್ ಗಿಫ್ಟ್. ಹೋದ ವರ್ಷ ಜರ್ಮನ್ ಸಿಲ್ವರ್ ಬಟ್ಟಲು, ಝರಿ ಚೀಲ, ಅದರೊಳಗೆ ಡ್ರೈ ಫ್ರೂಟ್ಸ್, ಒಬ್ಬೊಬ್ಬರಿಗೆ ಹತ್ತು ಡಾಲರ್ ಹತ್ತಿರ ಬಿದ್ದಿತ್ತು. ನಾನೊಬ್ಬಳೇ ಅಲ್ಲ, ಎಲ್ಲರ ಮನೆಯಲ್ಲೂ ಹಾಗೇ. ಅವರು ಬಟ್ಟಲು ಕೊಟ್ಟರೆ ನಾವು ತಟ್ಟೆ ಕೊಡಬೇಕು ಅನ್ನೋ ಹಾಗೆ ವರ್ಷಾ ವರ್ಷಾ ಏರುತ್ತಾ ಬಂದಿದೆ. ತುಮಕೂರಲ್ಲಿ ನಮ್ಮಜ್ಜಿ ಕೊಡ್ತಿದ್ದದ್ದು ಎಲೆ ಅಡಿಕೆ, ಬಾಳೆಹಣ್ಣು, ಮಡಿಲು ತುಂಬಾ ನೆನೆಸಿದ ಕಡಲೆಕಾಳು. ಅದನ್ನು ಕಡಿಮೆ ಅಂತ ಯಾರೂ ಅಂದಿದ್ದು ನನಗೆ ನೆನಪಿಲ್ಲ.

ಎರಡು ದಿನ ಯೋಚನೆ ಮಾಡಿ ಗ್ರೂಪಿನಲ್ಲಿ ಬರೆದೆ. "ಈ ಸಲ ನಮ್ಮನೆಯಲ್ಲಿ ತಾಂಬೂಲ ಮಾತ್ರ. ಯಾರೂ ಏನೂ ತರಬೇಡಿ. ಇವರ ಕೆಲಸ ಹೋಗಿದೆ, ಎಲ್ಲರಿಗೂ ಗೊತ್ತಾಗಲಿ ಅಂತಲೇ ಹೇಳ್ತಿದ್ದೀನಿ. ಮನೆ, ಒಡವೆ ಫೋಟೋ ಹಾಕೋದು ಬೇಡ." ಕಳಿಸಿ ಫೋನ್ ಮಗುಚಿ ಇಟ್ಟೆ, ಕೈ ನಡುಗ್ತಿತ್ತು. ಅರ್ಧ ಗಂಟೆಯಲ್ಲಿ ಮೂರು ಜನ ಫೋನ್ ಮಾಡಿದರು. ಒಬ್ಬಳಿಗೆ ಮಾರ್ಚ್‌ನಿಂದಲೇ ಕೆಲಸ ಇಲ್ಲ, ಯಾರಿಗೂ ಹೇಳಿರಲಿಲ್ಲ. ಖರ್ಚಿಗೆ ಹೆದರಿ ಈ ವರ್ಷ ಯಾರನ್ನೂ ಕರೆಯೋದು ಬೇಡ ಅಂದುಕೊಂಡಿದ್ದಳಂತೆ. "ನೀನು ಹೇಳಿದ್ಯಲ್ಲಾ, ಈಗ ನಾನೂ ಕರೀತೀನಿ ಕಣೇ" ಅಂದಳು.

ಲಕ್ಷ್ಮಿಗೆ ಈ ಸಲ ಕರಿಮಣಿ ಸರ, ಹಸಿರು ಗಾಜಿನ ಬಳೆ, ಹಿತ್ತಲಲ್ಲಿ ಬಿಟ್ಟಿದ್ದ ಚೆಂಡು ಹೂವಿನ ಹಾರ. ಹಾರ ಕಟ್ಟಿದ್ದು ನನ್ನ ಗಂಡ. ಎಷ್ಟೋ ವರ್ಷದ ಮೇಲೆ ಹಬ್ಬದ ಬೆಳಿಗ್ಗೆ ಅವರು ಮನೆಯಲ್ಲಿದ್ದರು. ದಾವಣಗೆರೆ ಅಕ್ಕ ಮಧ್ಯಾಹ್ನವೇ ಬಂದು ಒಬ್ಬಟ್ಟು ತಟ್ಟಿದರು, ಸಂಜೆ ಆರತಿಯೂ ಅವರ ಕೈಯಲ್ಲೇ ಮಾಡಿಸಿದೆ. ಯಾವಾಗಲೂ ಕುಂಕುಮ ತಗೊಂಡು ಹತ್ತು ನಿಮಿಷಕ್ಕೆ ಮುಂದಿನ ಮನೆಗೆ ಓಡ್ತಿದ್ದವರು ಅವತ್ತು ಒಂಬತ್ತೂವರೆ ತನಕ ಕೂತಿದ್ದರು. ಯಾವ ಕಂಪನಿಯಲ್ಲಿ ಕೆಲಸ ಖಾಲಿ ಇದೆ, ಯಾರು ರೆಸ್ಯೂಮೆ ಮುಂದಕ್ಕೆ ಕಳಿಸಬಹುದು, ಯಾರು ಊರಿಗೆ ಹೋದಾಗ ಯಾರ ಮನೆ ಕಡೆ ಕಣ್ಣಿಡಬೇಕು, ಎಲ್ಲಾ ಮಾತಾಡಿದ್ವಿ.

ಆಮೇಲೆ ಆಗಸ್ಟ್ 26ಕ್ಕೆ ಗೌರಿ ಹಬ್ಬ. ಪ್ರತಿ ವರ್ಷ ಅಮ್ಮ ನನ್ನ ಸೀರೆಯನ್ನು ಗೌರಿ ಮುಂದೆ ಇಟ್ಟು, ಪೂಜೆ ಮಾಡಿ, 16 ಗಂಟಿನ ದಾರದ ಜೊತೆ ಅಂಚೆಯಲ್ಲಿ ಕಳಿಸ್ತಾರೆ. ಈ ಸಲ ಅಮೆರಿಕದವರು ಹೊರದೇಶದಿಂದ ಬರೋ 800 ಡಾಲರ್ ತನಕದ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿ ತೆಗೆದರು. ಸುಂಕ ವಸೂಲಿ ಯಾರು, ಹೇಗೆ ಅನ್ನೋದು ಗೊತ್ತಾಗದೆ ವಿಮಾನದವರು ಪಾರ್ಸೆಲ್ ಒಯ್ಯೋಕೆ ಹಿಂಜರಿದರು. 25ನೇ ತಾರೀಖಿನಿಂದ ಊರಿನ ಅಂಚೆಯಲ್ಲಿ ಇಲ್ಲಿಗೆ ಪಾರ್ಸೆಲ್ ತಗೊಳ್ಳೋದು ನಿಂತಿತು. 100 ಡಾಲರ್ ಒಳಗಿನ ಉಡುಗೊರೆ ಕಳಿಸಬಹುದು ಅಂದಿದ್ದರು, ಸೀರೆಯೇ ಅದಕ್ಕಿಂತ ಜಾಸ್ತಿ. ತಿಂಗಳ ಕೊನೆಗೆ ಅದೂ ನಿಂತುಹೋಯ್ತು.

ಹಬ್ಬದ ದಿನ ಅಮ್ಮ ವಿಡಿಯೋ ಕಾಲ್ ಮಾಡಿದರು. ಬೇಜಾರಲ್ಲಿರ್ತಾರೆ ಅಂದುಕೊಂಡಿದ್ದೆ. ಊರಿನ ನಮ್ಮ ಬೀದಿಯಲ್ಲಿ ಹೂವು ಮಾರೋ ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಸೆರಗಿನಡಿ ಮೊರದ ಬಾಗಿನ ಹಿಡಿದುಕೊಂಡು. ಅವಳಿಗೆ ತಾಯಿ ಇಲ್ಲ, ಬಾಗಿನ ಕೊಡೋರು ಇಲ್ಲ.

"ನಿನ್ನ ಬಾಗಿನ ಇವಳಿಗೆ ಕೊಟ್ಟೆ ಕಣಮ್ಮಾ, ನಿನ್ನ ಹೆಸರು ಹೇಳಿಯೇ ಕೊಟ್ಟಿದ್ದೀನಿ. ಸೀರೆ ಬೀರುವಿನಲ್ಲಿದೆ. ಬಂದಾಗ ಉಡು."